ಬಾಕಿ ಬಿಲ್ಲು ಮತ್ತು ಕೋರ್ಟು ಕೇಳುವ ಕಾಗದ

ಕೇಳುಗರಿಗೆ ನಮಸ್ಕಾರ. ಸರ್ಕಾರಿ ಕಚೇರಿಗೆ ಸ್ವಚ್ಛತೆ, ಕಾವಲು, ವಾಹನ ಬಾಡಿಗೆ ಇಂಥ ಸೇವೆ ಕೊಟ್ಟು, ಬಿಲ್ಲಿನ ಹಣಕ್ಕೆ ಅಲೆಯುತ್ತಿರುವವರು ನಮ್ಮಲ್ಲಿ ಕಡಿಮೆಯಿಲ್ಲ. ಅವರು ಕೋರ್ಟಿಗೆ ಹೋದರೆ ಏನನ್ನು ಸಾಬೀತು ಮಾಡಬೇಕು?

‘ಕರಾರು ಪತ್ರ ಇದೆಯಲ್ಲ ಸ್ವಾಮಿ, ಇನ್ನೇನು?’ ಅನ್ನುತ್ತಾರೆ. ಏನು ಮಾಡಬೇಕಿತ್ತು ಎಂಬುದನ್ನಷ್ಟೇ ಕರಾರು ಹೇಳುತ್ತದೆ. ಮಾಡಿದ್ದಕ್ಕೆ, ಇಲಾಖೆ ಒಪ್ಪಿಕೊಂಡದ್ದಕ್ಕೆ ಬೇರೆಯೇ ಕಾಗದ ಬೇಕು. ಆ ಹೊರೆ ವಾದಿಯದು. ಕಾವಲುಗಾರರ ಹಾಜರಾತಿ ಪುಸ್ತಕವನ್ನೇ ನೋಡಿ. ನಿಮ್ಮ ಸೂಪರ್‌ವೈಸರ್ ಒಬ್ಬನೇ ರುಜು ಹಾಕಿದ್ದರೆ ಎದುರು ವಕೀಲರ ಪಾಟೀ ಸವಾಲಿನಲ್ಲಿ ಅದು ನಿಲ್ಲುವುದು ಕಷ್ಟ. ಪ್ರತಿ ತಿಂಗಳ ಕೊನೆಗೆ ಕಚೇರಿಯ ಅಧಿಕಾರಿ ‘ಸೇವೆ ತೃಪ್ತಿಕರ’ ಎಂದು ಬರೆದು, ಸಹಿ, ಮೊಹರು, ತಾರೀಖು ಹಾಕಿದ್ದರೆ ಮಾತೇ ಬೇರೆ. ಬಿಲ್ಲು ಕೊಟ್ಟಾಗ ನಕಲಿನ ಮೇಲೆ ಟಪಾಲು ವಿಭಾಗದ ಸ್ವೀಕೃತಿ ಮೊಹರನ್ನೂ ಹಾಕಿಸಿಕೊಳ್ಳಿ.

ದೊಡ್ಡ ತೊಡಕಿರುವುದು ಕರಾರಿನ ಅವಧಿ ಮುಗಿದ ಮೇಲೆ. ‘ನೀವು ಮುಂದುವರಿಸಿ, ಆದೇಶ ಆಮೇಲೆ ಬರುತ್ತೆ’ ಎಂದು ಸಾಹೇಬರು ಹೇಳುತ್ತಾರೆ, ನಾವೂ ನಂಬುತ್ತೇವೆ. ಸಂವಿಧಾನದ 299ನೇ ವಿಧಿಯಂತೆ ರಾಜ್ಯ ಸರ್ಕಾರದ ಕರಾರು ರಾಜ್ಯಪಾಲರ ಹೆಸರಿನಲ್ಲಿರಬೇಕು, ಅಧಿಕಾರ ಪಡೆದವರೇ ಸಹಿ ಮಾಡಿರಬೇಕು. ಬಾಯಿಮಾತು ಅಲ್ಲಿ ಕರಾರೇ ಅಲ್ಲ. ಹಾಗೆಂದು ದುಡಿಮೆ ನೀರುಪಾಲಾಗಬೇಕಿಲ್ಲ. ಪಶ್ಚಿಮ ಬಂಗಾಳದಲ್ಲಿ ಒಂದು ಸಂಸ್ಥೆ ಅಧಿಕಾರಿಗಳ ಮಾತಿನ ಮೇಲೆ ಶೆಡ್ಡು, ಕಾವಲು ಕೊಠಡಿ, ಅಡುಗೆಮನೆ ಎಲ್ಲ ಕಟ್ಟಿಕೊಟ್ಟಿತ್ತು. ವಿಧಿವತ್ತಾದ ಕರಾರು ಇರಲಿಲ್ಲ. ಬಿ.ಕೆ. ಮಂಡಲ್ ಪ್ರಕರಣವೆಂದೇ ವಕೀಲರು ಕರೆಯುವ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟು 1872ರ ಕರಾರು ಕಾಯ್ದೆಯ 70ನೇ ಕಲಂ ಹಿಡಿದು ಹಣ ಕೊಡಿಸಿತು. ಪುಕ್ಕಟೆಯಾಗಿ ಮಾಡಿದ ಕೆಲಸವಲ್ಲ, ಸರ್ಕಾರ ಅದರ ಪ್ರಯೋಜನ ಪಡೆದಿದೆ, ಬೇಡವೆಂದು ತಿರಸ್ಕರಿಸಿಲ್ಲ ಎಂದು ತೋರಿಸಬೇಕು. ಆಗ ಸಿಗುವುದು ಪರಿಹಾರ. ಕರಾರಿನ ದರವೇ ಸಿಕ್ಕೀತು ಎಂಬ ಭರವಸೆಯಿಲ್ಲ.

ಕೈಯಲ್ಲಿ ಕಾಗದವಿಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕಡತದ ಟಿಪ್ಪಣಿ ಹಾಳೆಯ ದೃಢೀಕೃತ ನಕಲು ಕೇಳಿ. ‘ಅನುದಾನ ಬಂದ ಕೂಡಲೇ ಪಾವತಿಸಬಹುದು’ ಎಂದು ಕೇಸ್ ವರ್ಕರ್ ಬರೆದಿಟ್ಟ ಸಾಲು ಎಷ್ಟೋ ಸಲ ನಮ್ಮ ಸಾಕ್ಷಿಗಳಿಗಿಂತ ಚೆನ್ನಾಗಿ ಮಾತಾಡುತ್ತದೆ! ಇಮೇಲ್, ವಾಟ್ಸಾಪ್ ಸಂದೇಶಗಳನ್ನು ಹಾಜರುಪಡಿಸುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರವೂ ಬೇಕು.

ಇನ್ನು ದಾವೆ ಹೂಡುವ ಕಾಲಮಿತಿ. ಸಾಮಾನ್ಯವಾಗಿ 3 ವರ್ಷ. ನೀವು ಎಷ್ಟು ನೆನಪೋಲೆ ಬರೆದರೂ ಅದು ಮುಂದಕ್ಕೆ ಹೋಗದು. ಆ ಅವಧಿಯೊಳಗೆ ಇಲಾಖೆಯೇ ಬಾಕಿಯನ್ನು ಬರವಣಿಗೆಯಲ್ಲಿ, ಸಹಿ ಹಾಕಿ ಒಪ್ಪಿಕೊಂಡರೆ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಕರಾರಿನಲ್ಲಿ ಮಧ್ಯಸ್ಥಿಕೆ ಷರತ್ತು, ಅಂದರೆ ವ್ಯಾಜ್ಯವನ್ನು ಕೋರ್ಟಿನ ಬದಲು ಮಧ್ಯಸ್ಥಗಾರರೇ ತೀರ್ಮಾನಿಸಬೇಕೆಂಬ ಮಾತು ಇದ್ದರೆ ದಾರಿಯೇ ಬೇರೆ, ಮೊದಲು ಅದನ್ನು ಓದಿಸಿ. ಇಲ್ಲದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟಿಸನ್ನು ಸರ್ಕಾರದ ಕಾರ್ಯದರ್ಶಿಗೋ ಜಿಲ್ಲಾಧಿಕಾರಿಗೋ ಕೊಟ್ಟು, 2 ತಿಂಗಳು ಕಾದು ದಾವೆ ಹೂಡಬೇಕು. ಪ್ರತಿವಾದಿ ಕರ್ನಾಟಕ ರಾಜ್ಯ. ನಿಮ್ಮನ್ನು ಅಲೆಸಿದ ಸಾಹೇಬರ ಹೆಸರನ್ನಷ್ಟೇ ಬರೆದರೆ ದಾವೆ ನಿಲ್ಲುವುದಿಲ್ಲ.