ಮೊದಲು ಬೆರಳು, ಆಮೇಲೆ ಎಂಆರ್‌ಐ, ಕತ್ತರಿ ಕೊನೆಗೆ

ಎಲ್ಲರಿಗೂ ನಮಸ್ಕಾರ. ಗುದನಾಳದ ಕ್ಯಾನ್ಸರ್ ಬಗ್ಗೆ ಮಾತಾಡುತ್ತೇನೆ ಅಂದಾಗ ಸಂಘಟಕರು, "ಸರ್, ಹಾರ್ಟ್ ಬಗ್ಗೆ ಇಟ್ಟುಕೊಂಡರೆ ಜನ ಜಾಸ್ತಿ ಬರ್ತಾರೆ" ಎಂದರು. ಬಾಗಲಕೋಟೆಯವರು ಅವರ ಮಾತನ್ನು ಸುಳ್ಳು ಮಾಡಿದ್ದೀರಿ, ಸಂತೋಷ.

ನಮ್ಮ ಕಡೆ ಸಂಡಾಸದಲ್ಲಿ ರಕ್ತ ಕಂಡರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಮೂಲವ್ಯಾಧಿ. ಖಾರ ಜಾಸ್ತಿ ಆಗಿದೆ, ಉಷ್ಣ ಆಗಿದೆ, ಮಜ್ಜಿಗೆ ಕುಡಿ. ಹೆಚ್ಚಿನ ಸಲ ಅದು ಮೂಲವ್ಯಾಧಿಯೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಯಾರೂ ಪರೀಕ್ಷೆ ಮಾಡದೆ ಹಾಗೆ ತೀರ್ಮಾನಿಸಿದರೆ ಹೇಗೆ? ಗುದನಾಳ ಅಂದರೆ ದೊಡ್ಡ ಕರುಳಿನ ಕೊನೆಯ 15 ಸೆಂಟಿಮೀಟರ್. ಅದರ ಕೆಳಗಿನ ಅರ್ಧದಷ್ಟು ಭಾಗ ಡಾಕ್ಟರ ಬೆರಳಿಗೆ ಸಿಗುತ್ತದೆ. ಕೈಗವಸು, ಸ್ವಲ್ಪ ಜೆಲ್ಲಿ, ಒಂದು ನಿಮಿಷ. ಕರೆಂಟ್ ಕೂಡ ಬೇಡ. ಆದರೂ ರೋಗಿಗೆ ನಾಚಿಕೆ, ಡಾಕ್ಟರಿಗೆ ಅವಸರ. ತಿಂಗಳುಗಟ್ಟಲೆ ಮುಲಾಮು ಹಚ್ಚಿ, ಸೊರಗಿ, ರಕ್ತ ಕಡಿಮೆಯಾಗಿ ಬರುವವರನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ರೋಗಿಯ ಮೇಲಲ್ಲ, ನಮ್ಮ ವೃತ್ತಿಯವರ ಮೇಲೆ.

ರಕ್ತದ ಜೊತೆ ಮಲ ಹೋಗುವ ಅಭ್ಯಾಸ ಬದಲಾದರೆ, ಹೋಗಿ ಬಂದ ಮೇಲೂ ಇನ್ನೂ ಉಳಿದಿದೆ ಅನ್ನಿಸಿದರೆ, ಕಾರಣವಿಲ್ಲದೆ ತೂಕ ಇಳಿದರೆ ಸುಮ್ನೆ ಕೂರಬೇಡಿ. "ಅವನಿಗಿನ್ನೂ 35, ಅವನಿಗೆಲ್ಲಿಯ ಕ್ಯಾನ್ಸರ್" ಅನ್ನಲೂಬೇಡಿ. ನಮ್ಮ ದೇಶದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಿಗೆ ಈ ರೋಗದೊಂದಿಗೆ ಬರುವವರಲ್ಲಿ 40 ದಾಟದವರೂ ಸಾಕಷ್ಟು ಜನ ಇದ್ದಾರೆ. ಸರ್ಕಾರದ ತಪಾಸಣೆ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಇವೆ, ಕರುಳಿನದು ಇಲ್ಲ. ಹಾಗಾಗಿ ಆಶಾ ಕಾರ್ಯಕರ್ತೆ ಬಂದು ಕೇಳುತ್ತಾರೆ ಎಂದು ಕಾಯುವಂತಿಲ್ಲ, ನಾವೇ ಬಾಯಿ ಬಿಡಬೇಕು.

ಈಗ ಸಂಶೋಧನೆಗೆ ಬರೋಣ. 1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಎಂಬ ಸರ್ಜನ್ ಒಂದು ಆಪರೇಷನ್ ವಿವರಿಸಿದರು. ಗುದನಾಳ, ಗುದದ್ವಾರ ಎಲ್ಲ ತೆಗೆದು, ಜೀವನಪೂರ್ತಿ ಹೊಟ್ಟೆಯ ಮೇಲೆ ಮಲದ ದಾರಿ. ಜೀವ ಉಳಿಸಿದ ಆಪರೇಷನ್ ಅದು, ಕೆಲವರಿಗೆ ಇವತ್ತಿಗೂ ಬೇಕಾಗುತ್ತದೆ. ಆದರೆ ಮುಂದಿನ ಎಷ್ಟೋ ದಶಕ, ಆಪರೇಷನ್ ಆದವರಲ್ಲೂ ಗಡ್ಡೆ ಅದೇ ಜಾಗದಲ್ಲಿ ಮತ್ತೆ ಬರುತ್ತಲೇ ಇತ್ತು. 1982ರಲ್ಲಿ ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಊರಿನ ಬಿಲ್ ಹೀಲ್ಡ್ ಕಾರಣ ತೋರಿಸಿದರು. ಗುದನಾಳದ ಸುತ್ತ ಕೊಬ್ಬು ಇದೆ, ಅದರೊಳಗೆ ದುಗ್ಧರಸ ಗ್ರಂಥಿಗಳು, ಅಂದರೆ ಲಿಂಫ್ ನೋಡ್‌ಗಳಿವೆ, ಅದಕ್ಕೆಲ್ಲ ಒಂದು ತೆಳು ಪೊರೆಯ ಹೊದಿಕೆ ಇದೆ. ಪೊರೆ ಹರಿದರೆ ಕ್ಯಾನ್ಸರ್ ಕಣ ಒಳಗೇ ಉಳಿಯುತ್ತದೆ. ಹೊಲಕ್ಕೆ ಒಯ್ಯುವ ರೊಟ್ಟಿ ಬುತ್ತಿಯನ್ನು ಗಂಟು ಬಿಚ್ಚದೆ ಎತ್ತುವಂತೆ, ಅದನ್ನು ಇಡಿಯಾಗಿ ಹೊರತೆಗೆಯಬೇಕು ಅಂದರು. ಇದನ್ನು ಕಲಿತ ಕಡೆಗಳಲ್ಲಿ ಮರುಕಳಿಸುವವರು ನೂರಕ್ಕೆ 10ಕ್ಕಿಂತ ಕೆಳಗಿಳಿದರು. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ಕೈಕೆಲಸ ಚೊಕ್ಕಟವಾಯಿತು, ಅಷ್ಟೇ.

ಆಮೇಲಿನ ಪ್ರಶ್ನೆ: ರೇಡಿಯೇಷನ್ ಮೊದಲೋ, ಆಪರೇಷನ್ ಮೊದಲೋ? 2004ರಲ್ಲಿ ಜರ್ಮನಿಯ ಸಂಶೋಧಕರು ಇದಕ್ಕೆ ಉತ್ತರ ಕೊಟ್ಟರು. ರೇಡಿಯೇಷನ್, ಕೀಮೋ ಮೊದಲೇ ಕೊಟ್ಟವರಲ್ಲಿ 5 ವರ್ಷದಲ್ಲಿ ಅದೇ ಜಾಗದಲ್ಲಿ ಮರುಕಳಿಸಿದ್ದು ನೂರಕ್ಕೆ 6, ಆಪರೇಷನ್ ಆದಮೇಲೆ ಕೊಟ್ಟವರಲ್ಲಿ 13. ಅಡ್ಡಪರಿಣಾಮವೂ ಮೊದಲ ಗುಂಪಿಗೇ ಕಡಿಮೆ. ಒಟ್ಟು ಆಯುಷ್ಯದಲ್ಲಿ ಮಾತ್ರ ಹೆಚ್ಚು ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕಲ್ವಾ? ಯಾರಿಗೆ ಮೊದಲೇ ರೇಡಿಯೇಷನ್ ಬೇಕು ಅನ್ನುವುದನ್ನು ಹೇಳುವುದು ಎಂಆರ್‌ಐ. ಗಡ್ಡೆ ಆ ಪೊರೆಗೆ ಎಷ್ಟು ಹತ್ತಿರ ಇದೆ ಅನ್ನುವುದು ಅದರಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಕಾಣುತ್ತದೆ. ಆದ್ದರಿಂದ ಎಂಆರ್‌ಐ ಇಲ್ಲದೆ "ನಾಳೆಯೇ ಆಪರೇಷನ್" ಅಂದರೆ, ತುರ್ತು ಏನು ಅಂತ ಕೇಳಿ. ಕರುಳು ಕಟ್ಟಿಕೊಂಡಿದ್ದರೆ ಸರಿ. ಇಲ್ಲದಿದ್ದರೆ ಕೆಲವು ದಿನ ತಡವಾದರೂ ಪೂರ್ತಿ ಪರೀಕ್ಷೆ ಆಗಲಿ.

ಬ್ರೆಜಿಲ್‌ನ ಸಾವೊ ಪಾಲೊ ನಗರದ ಆಂಜೆಲಿಟಾ ಹಬ್ರ್-ಗಾಮಾ ಇನ್ನೊಂದು ಹೆಜ್ಜೆ ಮುಂದೆ ಹೋದರು. ರೇಡಿಯೇಷನ್, ಕೀಮೋದಲ್ಲೇ ಗಡ್ಡೆ ಪೂರ್ತಿ ಮಾಯವಾದರೆ ಕತ್ತರಿಸುವುದು ಯಾಕೆ? ಕಾದು ನೋಡೋಣ ಅಂದರು. 2004ರಲ್ಲಿ ಅವರ ಫಲಿತಾಂಶ ಬಂದಾಗ ನಂಬದವರೇ ಜಾಸ್ತಿ. ಇವತ್ತು ಅದು ಜಗತ್ತಿನಾದ್ಯಂತ ನಡೆಯುತ್ತಿದೆ. 2022ರಲ್ಲಿ ಬಂದ ಅಮೆರಿಕದ ಒಪ್ರಾ ಅಧ್ಯಯನದಲ್ಲಿ ಮೊದಲು ರೇಡಿಯೇಷನ್, ನಂತರ ಕೀಮೋ ಪಡೆದವರಲ್ಲಿ 3 ವರ್ಷಕ್ಕೆ ನೂರಕ್ಕೆ 53 ಮಂದಿಯ ಗುದನಾಳ ಉಳಿದಿತ್ತು. ಕೀಮೋ ಮೊದಲು ಕೊಟ್ಟವರಲ್ಲಿ 41. ಔಷಧಿ ಅವೇ, ಸರದಿ ಮಾತ್ರ ಬೇರೆ.

ಇಲ್ಲಿ ನನ್ನದೊಂದು ಅಳುಕಿದೆ. ಕಾದು ನೋಡುವುದು ಅಂದರೆ ಮನೆಯಲ್ಲಿ ಕೂರುವುದಲ್ಲ. ಕೆಲವು ತಿಂಗಳಿಗೊಮ್ಮೆ ಬೆರಳಿನ ಪರೀಕ್ಷೆ, ದುರ್ಬೀನು, ಎಂಆರ್‌ಐ. ನಾಲ್ವರಲ್ಲಿ ಒಬ್ಬರಿಗೆ ಗಡ್ಡೆ ಮತ್ತೆ ಬೆಳೆಯುತ್ತದೆ, ಬಹುಪಾಲು ಮೊದಲ 2 ವರ್ಷದಲ್ಲೇ. ನಮ್ಮ ತಾಂಡಾಗಳಿಂದ ದುಡಿಮೆಗೆ ಗೋವಾಕ್ಕೆ, ಮಹಾರಾಷ್ಟ್ರಕ್ಕೆ ಹೋಗುವವರು ಹೀಗೆ ತಪ್ಪದೆ ಬರುತ್ತಾರಾ? ಬರಲು ಆಗದವರಿಗೆ ಆಪರೇಷನ್ನೇ ಕ್ಷೇಮ ಅನ್ನುತ್ತೇನೆ ನಾನು. ಇದನ್ನು ಒಪ್ಪದ ಡಾಕ್ಟರುಗಳೂ ಇದ್ದಾರೆ.

ಪಕ್ಕದ ಗುದದ್ವಾರದ ಕ್ಯಾನ್ಸರ್ ಬೇರೆಯೇ ಕಥೆ. ಅದರಲ್ಲಿ ಬಹುಪಾಲಿಗೆ ಎಚ್‌ಪಿವಿ ವೈರಸ್ ಕಾರಣ. 1974ರಲ್ಲಿ ಡೆಟ್ರಾಯಿಟ್‌ನ ನಾರ್ಮನ್ ನಿಗ್ರೊ ಮೂವರಿಗೆ ಆಪರೇಷನ್‌ಗೆ ಮುಂಚೆ ರೇಡಿಯೇಷನ್, ಕೀಮೋ ಕೊಟ್ಟಿದ್ದನ್ನು ವರದಿ ಮಾಡಿದರು. ಇಬ್ಬರಿಗೆ ಆಪರೇಷನ್ ಆಯಿತು, ತೆಗೆದ ಭಾಗದಲ್ಲಿ ಕ್ಯಾನ್ಸರೇ ಇರಲಿಲ್ಲ. ಮೂರನೆಯವರು ಆಪರೇಷನ್ ಬೇಡವೆಂದರು, ಅವರಿಗೂ ರೋಗ ಮರಳಲಿಲ್ಲ. ಇವತ್ತು ಈ ಕ್ಯಾನ್ಸರಿಗೆ ಅದೇ ಮೊದಲ ಚಿಕಿತ್ಸೆ.

ಕೊನೆಗೆ, ವಾಟ್ಸಾಪಿನಲ್ಲಿ ಓಡಾಡಿದ "ಕ್ಯಾನ್ಸರ್ ಮಾಯ ಮಾಡುವ ಇಂಜೆಕ್ಷನ್". ಅದರ ಹೆಸರು ಡೋಸ್ಟಾರ್ಲಿಮ್ಯಾಬ್. 2022ರಲ್ಲಿ ನ್ಯೂಯಾರ್ಕ್‌ನಲ್ಲಿ 6 ತಿಂಗಳ ಕೋರ್ಸ್ ಮುಗಿಸಿದ ಮೊದಲ 12 ಮಂದಿಯಲ್ಲೂ ಗಡ್ಡೆ ಪೂರ್ತಿ ಮಾಯವಾಗಿತ್ತು. ಸುದ್ದಿ ನಿಜ. ಆದರೆ ಅವರೆಲ್ಲರ ಗಡ್ಡೆಯಲ್ಲೂ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿತ್ತು. ಗುದನಾಳದ ಕ್ಯಾನ್ಸರ್‌ಗಳಲ್ಲಿ ಅಂಥವು ನೂರಕ್ಕೆ 5ರಿಂದ 10 ಮಾತ್ರ. ನಿಮ್ಮದು ಆ ಬಗೆಯದೋ ಎಂದು ತಿಳಿಯಲು ಬಯಾಪ್ಸಿಯ ತುಣುಕಿನ ಮೇಲೆ ಎಂಎಂಆರ್ ಪರೀಕ್ಷೆ ಆಗಬೇಕು. ಆ ತುಣುಕನ್ನು ಮೇಣದ ಬ್ಲಾಕ್‌ನಲ್ಲಿ ಇಟ್ಟಿರುತ್ತಾರೆ. ಬೇರೆ ಆಸ್ಪತ್ರೆಗೆ ಹೋಗುವಾಗ ವರದಿಯ ಜೊತೆ ಆ ಬ್ಲಾಕನ್ನೂ ಕೇಳಿ ತೆಗೆದುಕೊಳ್ಳಿ.

ಇನ್ನು ನಿಮ್ಮ ಪ್ರಶ್ನೆಗಳು. ಮೈಕಿನಲ್ಲಿ ಕೇಳಲು ಸಂಕೋಚ ಆದರೆ ಚೀಟಿಯಲ್ಲಿ ಬರೆದು ಕೊಡಿ, ಹೆಸರು ಬೇಡ.