ಇಳಿಸಿದ ತೂಕ ಮತ್ತೆ ಏರದಂತೆ: ಕ್ಯಾಲೊರಿ ಬಿಟ್ಟು ಹಸಿವು ನೋಡೋಣ

ಎಲ್ಲರಿಗೂ ನಮಸ್ಕಾರ.

ತೂಕ ಇಳಿಸುವುದು ಹೇಗೆ ಅಂತ ಹೇಳಲು ನಾನು ಇವತ್ತು ಕೊಪ್ಪಳಕ್ಕೆ ಬಂದಿಲ್ಲ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಕೂತಿರುವ ಎಷ್ಟೋ ಮಂದಿ ಒಮ್ಮೆಯಾದರೂ ಇಳಿಸಿದವರೇ ಇರಬೇಕು. ಐದು ಕೆಜಿ, ಎಂಟು ಕೆಜಿ, ಮಗಳ ಮದುವೆ ಹೊತ್ತಿಗೆ ಹತ್ತು ಕೆಜಿ. ಕಷ್ಟ ಶುರುವಾಗುವುದು ಆಮೇಲೆ. ಇಳಿದದ್ದು ಒಂದೆರಡು ವರ್ಷದಲ್ಲಿ ವಾಪಸ್ ಬರುತ್ತದೆ. ಬರುವಾಗ ಇನ್ನೂ ಸ್ವಲ್ಪ ಕರೆದುಕೊಂಡು ಬರುತ್ತದೆ. ಆಗ ಮನೆಯವರು ಅನ್ನುತ್ತಾರೆ, ನಾವೂ ಅಂದುಕೊಳ್ಳುತ್ತೇವೆ: ಬಾಯಿ ಕಟ್ಟಲು ಆಗಲಿಲ್ಲ, ಅದಕ್ಕೇ ಹೀಗಾಯಿತು ಅಂತ.

ಆ ಮಾತನ್ನು ದಯವಿಟ್ಟು ಬಿಡಿ. ಅದು ನಿಜ ಅಲ್ಲ.

ನಮ್ಮ ಕೊಬ್ಬಿನ ಜೀವಕೋಶಗಳು ಲೆಪ್ಟಿನ್ ಅನ್ನುವ ಹಾರ್ಮೋನು ಬಿಡುತ್ತವೆ. ಅಮೆರಿಕದ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್ಮನ್ ಮತ್ತು ಅವರ ಜೊತೆಗಾರರು 1994ರಲ್ಲಿ ಇದನ್ನು ಕಂಡುಹಿಡಿದರು. ಮೈಯಲ್ಲಿ ಕೂಡಿಟ್ಟ ಕೊಬ್ಬು ಎಷ್ಟಿದೆ ಅಂತ ಮೆದುಳಿಗೆ ತಿಳಿಸುವುದು ಇದರ ಕೆಲಸ. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ. ಇನ್ನೊಂದು ಕಡೆ ಜಠರದಿಂದ ಬರುವ ಗ್ರೆಲಿನ್ ಅನ್ನುವ ಹಸಿವಿನ ಹಾರ್ಮೋನು ಏರುತ್ತದೆ. ಬರಗಾಲ ಅಂದರೆ ಏನು ಅಂತ ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನೀವು ಡಯಟ್ ಮಾಡಿದಾಗ ಮೆದುಳಿಗೆ ಬರ ಬಿದ್ದ ಹಾಗೇ ಕಾಣುತ್ತದೆ. ಅದು ಮೈಯ ಶಕ್ತಿಯ ಖರ್ಚು ಕಡಿಮೆ ಮಾಡುತ್ತದೆ, ಹಸಿವು ಜಾಸ್ತಿ ಮಾಡುತ್ತದೆ. ತೂಕ ಇಳಿದವರಿಗೆ ಮೈ ತಣ್ಣಗಾದ ಹಾಗೆ, ಬೇಗ ಸುಸ್ತಾದ ಹಾಗೆ ಅನ್ನಿಸುವುದು ಎಷ್ಟೋ ಸಲ ಇದರಿಂದಲೇ.

ಇದು ನಾಲ್ಕು ದಿನದ ಮಾತಲ್ಲ. ಆಸ್ಟ್ರೇಲಿಯಾದ ಸಂಶೋಧಕರು 50 ಜನರಿಗೆ 10 ವಾರ ತೀರಾ ಕಡಿಮೆ ಆಹಾರ ಕೊಟ್ಟು ತೂಕ ಇಳಿಸಿ, ಅವರನ್ನು ಗಮನಿಸುತ್ತಾ ಹೋದರು. 2011ರಲ್ಲಿ ಅದರ ವರದಿ ಬಂತು. ಒಂದು ವರ್ಷ ಕಳೆದ ಮೇಲೂ ಅವರ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಡಯಟ್ ಮುಗಿದು ವರ್ಷವಾದರೂ ಅವರಿಗೆ ಮೊದಲಿಗಿಂತ ಜಾಸ್ತಿ ಹಸಿವು. ಇಂಥ ಹಸಿವನ್ನು ಹಲ್ಲು ಕಚ್ಚಿ ಎಷ್ಟು ವರ್ಷ ತಡೆಯುತ್ತೀರಿ?

ಇದಕ್ಕೂ ಹಳೆಯ ಒಂದು ಪ್ರಯೋಗದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತು. ಯುದ್ಧದಿಂದ ಹಸಿದ ಜನರನ್ನು ಮತ್ತೆ ಹೇಗೆ ಚೇತರಿಸಿಕೊಳ್ಳುವಂತೆ ಮಾಡಬೇಕು ಅಂತ ತಿಳಿಯಲು ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಒಂದು ಅಧ್ಯಯನ ನಡೆಸಿದರು. ಬಂದೂಕು ಹಿಡಿಯಲು ಒಪ್ಪದ 36 ಯುವಕರು ತಾವಾಗಿಯೇ ಮುಂದೆ ಬಂದರು. 1945ರಲ್ಲಿ 24 ವಾರ ಅವರಿಗೆ ಅರೆಹೊಟ್ಟೆ ಊಟ. ದಿನಕ್ಕೆ ಸುಮಾರು 1,570 ಕ್ಯಾಲೊರಿ. ಈ ಅಂಕಿ ಕೇಳಿ ಕೆಲವರಿಗೆ ಆಶ್ಚರ್ಯ ಆಗಬಹುದು. ಇವತ್ತು ಮೊಬೈಲಿನ ಡಯಟ್ ಚಾರ್ಟುಗಳು ಇದಕ್ಕಿಂತ ಕಡಿಮೆ ಬರೆದುಕೊಡುತ್ತವೆ, ಅಲ್ವಾ? ಆ ಹುಡುಗರ ತೂಕ ಕಾಲು ಭಾಗದಷ್ಟು ಇಳಿಯಿತು. ಅದರ ಜೊತೆಗೆ ಅವರ ತಲೆ ತುಂಬ ಊಟವೇ ತುಂಬಿಕೊಂಡಿತು. ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು. ತಟ್ಟೆ ನೆಕ್ಕುತ್ತಿದ್ದರು. ಪ್ರಯೋಗ ಮುಗಿದು ಬೇಕಾದಷ್ಟು ಊಟ ಸಿಕ್ಕ ಮೇಲೆ ಕೆಲವರು ಹೊಟ್ಟೆ ಬಿರಿಯುವಷ್ಟು ತಿಂದರೂ ಹಸಿವು ಹೋಗಲಿಲ್ಲ ಅಂದರು.

ಇವರೆಲ್ಲ ಆರೋಗ್ಯವಂತರು, ಗಟ್ಟಿ ಮನಸ್ಸಿನವರು ಅಂತ ಪರೀಕ್ಷೆ ಮಾಡಿ ಆರಿಸಿದವರು. ಅವರಿಗೇ ಹೀಗಾದರೆ, ಮನೆ ಕೆಲಸ, ನೌಕರಿ, ಮಕ್ಕಳ ಪರೀಕ್ಷೆ ಎಲ್ಲ ನೋಡಿಕೊಂಡು ಡಯಟ್ ಮಾಡುವ ನಿಮ್ಮನ್ನು ನೀವು ಯಾಕೆ ಬೈದುಕೊಳ್ಳುತ್ತೀರಿ?

ಇನ್ನು ಕ್ಯಾಲೊರಿ ಲೆಕ್ಕ. ತೂಕ ಇಳಿಸುವ ಮೊದಲ ಕೆಲವು ತಿಂಗಳು ಅದು ಕೆಲವರಿಗೆ ಉಪಯೋಗಕ್ಕೆ ಬರುತ್ತದೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಜೀವನಪೂರ್ತಿ ಮಾಡುವ ಕೆಲಸ ಅಲ್ಲ ಅದು. ನಮ್ಮ ಅಡುಗೆಮನೆಯಲ್ಲಂತೂ ಆ ಲೆಕ್ಕ ಕೂಡುವುದೇ ಇಲ್ಲ. ಮೊಬೈಲಿನಲ್ಲಿ 'ರೊಟ್ಟಿ, ಒಂದು' ಅಂತ ಒತ್ತುತ್ತೀರಿ. ಅದು ಗೋಧಿ ಚಪಾತಿಯ ಲೆಕ್ಕ ತೋರಿಸುತ್ತದೆ. ಜೋಳದ್ದು ಅಂತ ಹುಡುಕಿದರೂ ಯಾರ ಮನೆಯ ರೊಟ್ಟಿ ಅದು? ಒಬ್ಬರು ಹಂಚಿನ ಅಗಲಕ್ಕೆ ಹಾಳೆ ಹಾಗೆ ತೆಳ್ಳಗೆ ಬಡಿಯುತ್ತಾರೆ, ಇನ್ನೊಬ್ಬರ ಮನೆಯದು ಅಂಗೈ ದಪ್ಪ. ಬದನೆಕಾಯಿ ಎಣ್ಣೆಗಾಯಿ ತಗೊಳ್ಳಿ. ಶೇಂಗಾ, ಗುರೆಳ್ಳು, ಎಳ್ಳು, ಒಣಕೊಬ್ಬರಿ ಅರೆದು, ಹುಣಸೆ, ಬೆಲ್ಲ ಸೇರಿಸಿ, ಎಳೆ ಬದನೆಕಾಯಿಗೆ ತುಂಬಿ ಬೇಯಿಸಿದ್ದು. ಮೇಲೆ ಎಣ್ಣೆ ತೇಲುತ್ತಿರುತ್ತದೆ. ಆರು ಜನಕ್ಕೆ ಮಾಡಿದ ಪಾತ್ರೆಯಿಂದ ನಿಮ್ಮ ತಟ್ಟೆಗೆ ಎರಡು ಕಾಯಿ ಬಂತು. ಎಷ್ಟು ಎಣ್ಣೆ ಬಂತು? ಮಾಡಿದವರಿಗೂ ಗೊತ್ತಿರುವುದಿಲ್ಲ.

ಹಾಗಾದರೆ ಎಷ್ಟು ತಿನ್ನಬೇಕು ಅಂತ ಯಾರು ಹೇಳಬೇಕು? ಹೊಟ್ಟೆಯೇ ಹೇಳಬೇಕು. 1995ರಲ್ಲಿ ಅಮೆರಿಕದ ಇಬ್ಬರು ಆಹಾರ ತಜ್ಞೆಯರು, ಎವಲಿನ್ ಟ್ರಿಬೋಲಿ ಮತ್ತು ಎಲೀಸ್ ರೆಶ್, ಇದಕ್ಕೆ ಇಂಟ್ಯೂಟಿವ್ ಈಟಿಂಗ್ ಅಂತ ಹೆಸರು ಕೊಟ್ಟು ಹತ್ತು ಸೂತ್ರ ಮಾಡಿದರು. ಹಸಿದಾಗ ಉಣ್ಣಿ. ಸಾಕು ಅನ್ನಿಸಿದಾಗ ನಿಲ್ಲಿಸಿ. ಯಾವ ತಿನಿಸನ್ನೂ ಪಾಪ ಅಂತ ಕರೆಯಬೇಡಿ. ಬೇಜಾರು, ಸಿಟ್ಟು, ಒಂಟಿತನಕ್ಕೆ ಊಟವನ್ನೇ ಮದ್ದು ಮಾಡಿಕೊಳ್ಳಬೇಡಿ. ತಿರುಳು ಇಷ್ಟು.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ಸೂತ್ರ ಮಾಡಿದ ಆ ಇಬ್ಬರೇ ಇದು ತೂಕ ಇಳಿಸುವ ವಿಧಾನ ಅಲ್ಲ ಅಂದಿದ್ದಾರೆ. ಹೀಗೆ ಉಣ್ಣುವವರಲ್ಲಿ ಊಟದ ಮೇಲಿನ ಭಯ ಕಡಿಮೆ, ಮುಗಿಬಿದ್ದು ತಿನ್ನುವುದು ಕಡಿಮೆ. ಇದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಹತ್ತು ಕೆಜಿ ಇಳಿಸುತ್ತೇನೆ ಅಂತ ಇದಕ್ಕೆ ಕೈ ಹಾಕಿದರೆ ನಿರಾಸೆ ಆಗುತ್ತದೆ. ಇಳಿದದ್ದನ್ನು ಉಳಿಸಿಕೊಳ್ಳಬೇಕು, ಎರಡು ಮೂರು ಕೆಜಿ ಆಚೀಚೆ ಆದರೂ ಪರವಾಗಿಲ್ಲ ಅನ್ನುವವರಿಗೆ ಇದು ಕೈ ಹಿಡಿಯುತ್ತದೆ ಅಂತ ನಾನು ನಂಬಿದ್ದೇನೆ.

ಈಗ ನಮ್ಮ ಊರಿನ ಊಟಕ್ಕೆ ಬರೋಣ. ಸಾಕು ಅನ್ನುವ ಸುದ್ದಿ ಹೊಟ್ಟೆಯಿಂದ ಮೆದುಳಿಗೆ ಪೂರ್ತಿ ಮುಟ್ಟಲು ಸುಮಾರು 20 ನಿಮಿಷ ಬೇಕು. ಹೊಟ್ಟೆ ಹಿಗ್ಗಿದ್ದನ್ನು ನರ ತಿಳಿಸುತ್ತದೆ, ಸಣ್ಣ ಕರುಳಿನಿಂದ ಬೇರೆ ಹಾರ್ಮೋನುಗಳು ಹೊರಡುತ್ತವೆ. ಐದು ನಿಮಿಷದಲ್ಲಿ ಊಟ ಮುಗಿಸಿದರೆ ಸುದ್ದಿ ಬರುವಷ್ಟರಲ್ಲಿ ತಟ್ಟೆ ಖಾಲಿ. ಖಡಕ್ ರೊಟ್ಟಿಯನ್ನು ಐದು ನಿಮಿಷದಲ್ಲಿ ಉಣ್ಣಲು ಆಗುತ್ತದಾ? ಮುರಿಯಬೇಕು, ಪಲ್ಯದಲ್ಲಿ ಅದ್ದಬೇಕು, ಅಗಿಯಬೇಕು. ನಡುವೆ ಉಳ್ಳಾಗಡ್ಡಿ ಕಚ್ಚಬೇಕು, ಮಜ್ಜಿಗೆ ಕುಡಿಯಬೇಕು. ಸಮಯ ತಾನಾಗಿಯೇ ಸಿಗುತ್ತದೆ. ನಾರೂ ಜಾಸ್ತಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಕೊಟ್ಟ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕ್ಯಾಲೊರಿಯಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ, ಆದರೆ ಹೊಟ್ಟೆಗೆ ಅದು ಬೇರೆ, ಇದು ಬೇರೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪ ಭತ್ತದ ನಾಡಾದವು. ಮನೆಗೆ ಸೋನಾ ಮಸೂರಿ ಬಂತು. ಅನ್ನ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬಿಸಿ ಅನ್ನ, ಸಾರು ಎಷ್ಟು ಸಲೀಸಾಗಿ ಇಳಿಯುತ್ತದೆ ಅಂದರೆ ಎಷ್ಟು ಉಂಡೆವು ಅಂತ ಗೊತ್ತಾಗುವುದಿಲ್ಲ, ಅಷ್ಟೇ. ರೊಟ್ಟಿ, ಕಾಳು ಪಲ್ಯ, ಪುಂಡಿಪಲ್ಯ ಮೊದಲು ಉಣ್ಣಿ. ಆಮೇಲೆ ಸ್ವಲ್ಪ ಕೂತು, ಬೇಕು ಅನ್ನಿಸಿದರೆ ಅನ್ನ ಹಾಕಿಕೊಳ್ಳಿ. ಬೇಕಾದವರು ಹಾಕಿಕೊಳ್ಳಲಿ, ಬೇಡವಾದವರನ್ನು ಒತ್ತಾಯ ಮಾಡಬೇಡಿ. 'ಇನ್ನೊಂದು ಹಾಕ್ಕೊಳ್ರೀ, ಒಂದು ರೊಟ್ಟಿಗೆ ಏನಾಗ್ತದ' ಅಂತ ಪ್ರೀತಿಯಿಂದಲೇ ಬಡಿಸುತ್ತೇವೆ. ಆದರೆ ಎದುರಿಗೆ ಕೂತವರು ಸಾಕು ಅಂದರೆ ಅದನ್ನು ನಂಬುವುದೂ ಪ್ರೀತಿಯೇ.

ಅಕ್ಕಂದಿರಿಗೆ ಬೇರೆಯಾಗಿ ಒಂದು ಮಾತು. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳನ್ನು ಮಧ್ಯಾಹ್ನದ ಊಟ ಎಷ್ಟು ಹೊತ್ತಿಗೆ ಅಂತ ಕೇಳಿದರೆ ಹೆಚ್ಚಿನವರು ಸ್ವಲ್ಪ ಯೋಚನೆ ಮಾಡುತ್ತಾರೆ. ಯಾಕೆಂದರೆ ಅದಕ್ಕೆ ಹೊತ್ತೇ ಇಲ್ಲ. ಹನ್ನೆರಡೂವರೆಗೆ ಹಸಿವಾಗಿರುತ್ತದೆ. ಮಾವನವರದು ಆಗಬೇಕು, ಮಕ್ಕಳದು ಆಗಬೇಕು, ಅಂಗಡಿಯಿಂದ ಗಂಡ ಬಂದು ಉಂಡು ಹೋಗಬೇಕು. ಮೂರು ಗಂಟೆಗೆ ಅಡುಗೆಮನೆಯಲ್ಲಿ ಕಟ್ಟೆಗೆ ಒರಗಿ ನಿಂತು, ಮಗು ಬಿಟ್ಟ ಅರ್ಧ ರೊಟ್ಟಿ, ಪಾತ್ರೆ ತಳದ ಪಲ್ಯ, ಚೆಲ್ಲಬಾರದು ಅಂತ ಉಳಿದ ಅನ್ನ, ಎಲ್ಲ ಬೇಗ ಬೇಗ. ಹಸಿವು ಕೂಗಿ ಕೂಗಿ ಸುಮ್ಮನಾಗಿ ಎರಡು ಗಂಟೆ ಆಗಿರುತ್ತದೆ. ಹೀಗೆ ಹತ್ತು ವರ್ಷ ನಡೆದರೆ ಹಸಿವು, ಹೊಟ್ಟೆ ತುಂಬಿದ್ದು ಎರಡೂ ತಿಳಿಯದ ಹಾಗೆ ಆಗುತ್ತದೆ. ಇಂಥವರಿಗೆ ನಾನು ಹೇಳುವುದು ಮೊದಲು ಹೊತ್ತಿಗೆ ಸರಿಯಾಗಿ ಉಣ್ಣಿ ಅಂತ, ಬೇರೆ ಏನೂ ಇಲ್ಲ. ಒಂದು ಗಂಟೆಗೆ ತಟ್ಟೆ ಹಾಕಿಕೊಂಡು ಕೂತು ಉಣ್ಣಿ. ಕೆಲವು ವಾರದಲ್ಲಿ ಹಸಿವು ಮತ್ತೆ ತನ್ನ ಹೊತ್ತಿಗೆ ಬರಲು ಶುರುವಾಗುತ್ತದೆ. ಮನೆಯ ಗಂಡಸರು ಇಲ್ಲಿದ್ದರೆ ಕೇಳಿಸಿಕೊಳ್ಳಿ, ಇದು ನಿಮ್ಮ ಕೈಯಲ್ಲೂ ಇದೆ.

ಮಿರ್ಚಿ ಬಗ್ಗೆ ಕೇಳದೆ ನೀವು ನನ್ನನ್ನು ಬಿಡುವುದಿಲ್ಲ ಅಂತ ಗೊತ್ತು. ಗವಿಮಠದ ಜಾತ್ರೆಯಲ್ಲಿ ದಾಸೋಹಕ್ಕೆ ಊರೂರಿಂದ ರೊಟ್ಟಿ ಹೊತ್ತು ತರುವ ಊರು ಇದು, ಲಕ್ಷಗಟ್ಟಲೆ ಮಿರ್ಚಿ ಕರಿಯುವ ಊರು ಇದು. ಇಲ್ಲಿ ನಿಂತು ಮಿರ್ಚಿ ತಿನ್ನಬೇಡಿ ಅಂತ ಹೇಳುವುದು ನ್ಯಾಯವೂ ಅಲ್ಲ, ಉಪಯೋಗವೂ ಇಲ್ಲ. ಮೂರು ತಿಂಗಳು ಬಿಟ್ಟವರು ನಾಲ್ಕನೇ ತಿಂಗಳು ಗಾಡಿ ಮುಂದೆ ನಿಂತರೆ ಆರು ತಿನ್ನುತ್ತಾರೆ. ನಾಳೆಯಿಂದ ಮತ್ತೆ ಬಂದ್ ಅಂದುಕೊಂಡು ತಿನ್ನುವವರಿಗೆ ರುಚಿಯೂ ತಿಳಿಯುವುದಿಲ್ಲ. ನಾಳೆಯೂ ಸಿಗುತ್ತದೆ ಅನ್ನುವ ಧೈರ್ಯ ಇದ್ದವರು ಎರಡಕ್ಕೆ ನಿಲ್ಲಿಸಬಲ್ಲರು. ಬಿಸಿ ಮಿರ್ಚಿ, ಮಂಡಾಳ ಒಗ್ಗರಣೆ, ಪಕ್ಕದಲ್ಲಿ ಉಳ್ಳಾಗಡ್ಡಿ. ಕೂತು ತಿನ್ನಿ. ಮೊಬೈಲ್ ಜೇಬಿನಲ್ಲಿಡಿ. ಮೊದಲನೆಯದರ ರುಚಿ ಮೂರನೆಯದರಲ್ಲೂ ಇದೆಯಾ ನೋಡಿ. ಇಲ್ಲದಿದ್ದರೆ ಹೊಟ್ಟೆ ಆಗಲೇ ಸಾಕು ಅಂದಿದೆ.

ಶ್ರಾವಣದ ಒಪ್ಪತ್ತು ಮಾಡುವವರಿಗೂ ಇದೇ ಮಾತು. ವ್ರತದ ಬಗ್ಗೆ ನನಗೆ ತಕರಾರಿಲ್ಲ. ತೂಕಕ್ಕೆ ಅಂತ ಒಪ್ಪತ್ತು ಹಿಡಿದು ರಾತ್ರಿ ಎರಡು ಹೊತ್ತಿನದು ಒಟ್ಟಿಗೆ ಉಣ್ಣುವುದಿದ್ದರೆ ಬಿಡಿ.

ಒಂದು ವಿಷಯದಲ್ಲಿ ಮಾತ್ರ ಹೊಟ್ಟೆಯನ್ನು ಪೂರ್ತಿ ನಂಬಬೇಡಿ. ಪ್ಯಾಕೆಟ್ ತಿನಿಸು ಮತ್ತು ಸಿಹಿ ತಂಪು ಪಾನೀಯ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಜೊತೆಗಾರರು 20 ಜನರನ್ನು ಇಟ್ಟುಕೊಂಡು, ಎರಡು ವಾರ ಕಾರ್ಖಾನೆಯ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟರು. ಬೇಕಾದಷ್ಟು ತಿನ್ನಿ ಅಂದರು. ಕಾರ್ಖಾನೆಯ ಆಹಾರ ಇದ್ದಾಗ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ತೂಕವೂ ಏರಿತು. ಇದು 2019ರ ವರದಿ. ಅಂಥ ಆಹಾರದ ಮುಂದೆ ಸಾಕು ಅನ್ನುವ ಸುದ್ದಿ ತಡವಾಗುತ್ತದೆ. ಅದಕ್ಕೆ ಅದು ಮನೆಯಲ್ಲಿ ದಿನಾ ಇರಬಾರದು. ರಾಯಚೂರಿನ ಮೇ ತಿಂಗಳ ಬಿಸಿಲಿಗೆ ಬಾಯಾರಿದಾಗ ಸಿಹಿ ಪಾನೀಯದ ಬಾಟ್ಲಿ ಬೇಡ. ನೀರು ಮಜ್ಜಿಗೆ, ಅಂಬಲಿ ಇವೆ.

ತೂಕ ನೋಡಬೇಕಾ ಅಂತ ಕೇಳುತ್ತೀರಿ. ಇಂಟ್ಯೂಟಿವ್ ಈಟಿಂಗ್‌ನವರು ತಕ್ಕಡಿ ಎತ್ತಿಡಿ ಅನ್ನುತ್ತಾರೆ. ಇಲ್ಲಿ ನಾನು ಅವರ ಮಾತಿಗೆ ಪೂರ್ತಿ ಒಪ್ಪುವುದಿಲ್ಲ. ಅಮೆರಿಕದಲ್ಲಿ 1994ರಿಂದ ತೂಕ ಇಳಿಸಿ ಉಳಿಸಿಕೊಂಡವರ ಒಂದು ದೊಡ್ಡ ದಾಖಲೆ ಇಡುತ್ತಾ ಬಂದಿದ್ದಾರೆ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ವಾರಕ್ಕೊಮ್ಮೆಯಾದರೂ ತೂಕ ನೋಡುತ್ತಾರೆ. ಹತ್ತರಲ್ಲಿ ಒಂಬತ್ತು ಮಂದಿ ದಿನಕ್ಕೆ ಸರಾಸರಿ ಒಂದು ಗಂಟೆ ನಡಿಗೆ ಅಥವಾ ಬೇರೆ ವ್ಯಾಯಾಮ ಮಾಡುತ್ತಾರೆ. ವಾರಕ್ಕೊಂದು ಸಲ, ಒಂದೇ ದಿನ, ಬೆಳಗ್ಗೆ ನೋಡಿ. ಆ ಅಂಕಿ ನೋಡಿ ಇಡೀ ದಿನ ಮನಸ್ಸು ಕೆಡುತ್ತದೆ ಅನ್ನುವವರು ನೋಡಬೇಡಿ. ರವಿಕೆ, ಬೆಲ್ಟು ಬಿಗಿಯಾಗುತ್ತಿದೆಯಾ ಅಂತ ತಿಳಿದರೆ ಸಾಕು. ಸೊಂಟದ ಅಳತೆ ಹೆಣ್ಣುಮಕ್ಕಳಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ದಾಟದಿರಲಿ. ನಮ್ಮ ದೇಶದವರಿಗೆ ಹೇಳುವ ಮಿತಿ ಅದು. ಏರುತ್ತಿದ್ದರೆ ಊಟ ಬಿಡಬೇಡಿ. ನಿದ್ದೆ ಕಡಿಮೆ ಆಗಿದೆಯಾ, ನಡಿಗೆ ನಿಂತಿದೆಯಾ, ಸಂಜೆ ಚಹಾದ ಜೊತೆ ಬಿಸ್ಕತ್ತಿನ ಪ್ಯಾಕೆಟ್ ಖಾಲಿ ಆಗುತ್ತಿದೆಯಾ ಅಂತ ಮೊದಲು ನೋಡಿ.

ಕೊನೆಗೆ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ಹಸಿವಾಗಲಿಲ್ಲ ಅಂತ ಊಟ ಬಿಟ್ಟರೆ ಸಕ್ಕರೆ ಅಂಶ ಪೂರಾ ಇಳಿದು ಅಪಾಯ ಆಗಬಹುದು. ನೀವು ನಿಮ್ಮ ಡಾಕ್ಟರನ್ನು ಕೇಳದೆ ಊಟದ ಹೊತ್ತು ಬದಲಾಯಿಸಬೇಡಿ. ಬಸುರಿಯರು, ಹಾಲುಣಿಸುವವರು, ತಿಂದು ವಾಂತಿ ಮಾಡಿಕೊಳ್ಳುವ ಅಭ್ಯಾಸ ಇರುವ ಹುಡುಗಿಯರು ಒಬ್ಬರೇ ಇದನ್ನು ಶುರು ಮಾಡಬೇಡಿ. ಸಂಕೋಚ ಬೇಡ, ಪ್ರಶ್ನೆಗಳು ಮುಗಿದ ಮೇಲೆ ಅರ್ಧ ಗಂಟೆ ನಾನು ಇಲ್ಲೇ ಕೂತಿರುತ್ತೇನೆ. ಔಷಧಿ ಚೀಟಿ ತಂದವರು ತೋರಿಸಿ, ಬೇರೆಯಾಗಿ ಮಾತಾಡೋಣ.