ತೀರ್ಪಿನಲ್ಲಿ ಹೆಸರಿಲ್ಲದ ಮಕ್ಕಳು

ಸಭೆಯ ಹಿರಿಯರಿಗೂ ಕಾನೂನು ಓದುತ್ತಿರುವ ಎಳೆಯ ಗೆಳೆಯರಿಗೂ ನಮಸ್ಕಾರ.

ಆಸ್ಟ್ರೇಲಿಯಾಕ್ಕೆ ಗಡೀಪಾರಾಗಿ, ಅಲ್ಲಿಂದ ತೆರೆದ ದೋಣಿಯಲ್ಲಿ ತಪ್ಪಿಸಿಕೊಂಡ ಹದಿನೆಂಟನೇ ಶತಮಾನದ ಕೈದಿ ಮೇರಿ ಬ್ರಯಾಂಟಳ ಕಥೆ ಹೇಳುವವರೆಲ್ಲ ಅವಳ ಸಾಹಸವನ್ನು ಕೊಂಡಾಡುತ್ತಾರೆ. ಕೊಂಡಾಡಬೇಕಾದದ್ದೇ. ಆದರೆ ನನ್ನ ಮನಸ್ಸು ಹೋಗಿ ನಿಲ್ಲುವುದು ಅವಳ ಇಬ್ಬರು ಮಕ್ಕಳ ಬಳಿ. ಷಾರ್ಲಟ್ ಮತ್ತು ಇಮ್ಯಾನ್ಯುಯೆಲ್ ಮೇಲೆ ಯಾರೂ ಯಾವ ಆರೋಪವನ್ನೂ ಹೊರಿಸಿರಲಿಲ್ಲ.

ಮೇರಿ ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಹುಡುಗಿ. ಇನ್ನಿಬ್ಬರ ಜೊತೆ ಸೇರಿ ಒಬ್ಬ ಹೆಂಗಸನ್ನು ದಾರಿಯಲ್ಲಿ ತಡೆದು, ರೇಷ್ಮೆ ಟೋಪಿಯೂ ಸೇರಿದಂತೆ 11 ಪೌಂಡಿಗೂ ಮಿಕ್ಕ ಬೆಲೆಯ ಸಾಮಾನು ಕಿತ್ತುಕೊಂಡಳು. ಬರೀ ಟೋಪಿ ಕದ್ದಳು ಎಂದು ಹೇಳಿ ಅಪರಾಧವನ್ನು ಕಿರಿದು ಮಾಡುವುದು ನನಗೆ ಬೇಕಿಲ್ಲ. 1786ರ ಮಾರ್ಚ್ 20ರಂದು ಎಕ್ಸೆಟರಿನಲ್ಲಿ ಮರಣದಂಡನೆ ವಿಧಿಸಿದರು. ಆಮೇಲೆ ಅದನ್ನು ಏಳು ವರ್ಷದ ಗಡೀಪಾರಿಗೆ ಇಳಿಸಿದರು. ಅಮೆರಿಕ ಕೈತಪ್ಪಿದ ಮೇಲೆ ಬ್ರಿಟನ್ ತನ್ನ ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಿತೆಂಬುದು ನಿಮಗೆ ಗೊತ್ತೇ ಇದೆ.

1787ರ ಮೇ ತಿಂಗಳಲ್ಲಿ ಹೊರಟ ಮೊದಲ ನೌಕಾಪಡೆಯ, ಅಂದರೆ ಕೈದಿಗಳನ್ನು ಅಲ್ಲಿಗೆ ಒಯ್ದ ಮೊದಲ ಹಡಗುಗಳ ಗುಂಪಿನ, ‘ಷಾರ್ಲಟ್’ ಹಡಗಿನಲ್ಲಿ ಮೇರಿ ಇದ್ದಳು. ನಡುಗಡಲಿನಲ್ಲಿ ಹೆಣ್ಣು ಮಗು ಹುಟ್ಟಿತು. ಮಗುವಿಗೆ ಆ ಹಡಗಿನ ಹೆಸರನ್ನೇ ಇಟ್ಟರು. ಹುಟ್ಟಿದ ಗಳಿಗೆಯಿಂದಲೇ ಆ ಕೂಸು ತಾಯಿಯ ಶಿಕ್ಷೆಯನ್ನು ಉಣ್ಣತೊಡಗಿತು. ಇಂದಿಗೂ ನಮ್ಮ ದೇಶದ ಸೆರೆಮನೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳು ತಾಯಂದಿರ ಜೊತೆ ಇರುತ್ತಾರೆ. ಅವರ ಊಟ, ಓದು, ಆರೈಕೆಯ ಬಗ್ಗೆ ಸುಪ್ರೀಂ ಕೋರ್ಟು 2006ರಲ್ಲಿ ನಿರ್ದೇಶನ ಕೊಟ್ಟಿತು. ಆ ತೀರ್ಪನ್ನು ದಯವಿಟ್ಟು ಓದಿ.

ಸಿಡ್ನಿಯಲ್ಲಿ ಮೇರಿ ವಿಲಿಯಂ ಬ್ರಯಾಂಟ್ ಎಂಬ ಕೈದಿಯನ್ನು ಮದುವೆಯಾದಳು. ಅವನು ಕಸುಬಿನಿಂದ ಮೀನುಗಾರ, ದೋಣಿಗಳ ಉಸ್ತುವಾರಿ ಅವನದೇ. ಹಿಡಿದ ಮೀನನ್ನು ಗುಟ್ಟಾಗಿ ಮಾರಿದ್ದಕ್ಕೆ ಛಡಿಯೇಟು ತಿಂದ. 1790ರಲ್ಲಿ ಇಮ್ಯಾನ್ಯುಯೆಲ್ ಹುಟ್ಟುವ ಹೊತ್ತಿಗೆ ವಸಾಹತಿನಲ್ಲಿ ಪಡಿ ಇಳಿಯುತ್ತಲೇ ಇತ್ತು. ಆ ಹಸಿವನ್ನು ಮರೆತರೆ ಮುಂದಿನದು ಅರ್ಥವಾಗುವುದಿಲ್ಲ.

1791ರ ಮಾರ್ಚ್ 28ರ ರಾತ್ರಿ! ಈ ಭಾಗಕ್ಕೆ ಬಂದಾಗಲೆಲ್ಲ ನಾನು ಲಂಬಿಸುತ್ತೇನೆ, ಸಹಿಸಿಕೊಳ್ಳಿ. ಡಚ್ ಹಡಗೊಂದರ ಕಪ್ತಾನನಿಂದ ದಿಕ್ಸೂಚಿ, ನಕಾಶೆ, ಬಂದೂಕುಗಳನ್ನು ಮೊದಲೇ ಕೊಂಡಿಟ್ಟಿದ್ದರು. ಆ ಹಡಗು ಬಂದರು ಬಿಟ್ಟ ಮೇಲೆ ಬೆನ್ನಟ್ಟಿ ಬರಬಲ್ಲ ಹಡಗೇ ಅಲ್ಲಿರಲಿಲ್ಲ. ಗವರ್ನರನ ದೋಣಿಯಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು, ಇನ್ನೂ ಏಳು ಕೈದಿಗಳು. ಮೂರೂವರೆ ವರ್ಷದ ಹುಡುಗಿ, ವರ್ಷ ತುಂಬುತ್ತಿದ್ದ ಹಸುಗೂಸು, ತೆರೆದ ದೋಣಿ. ಬಿರುಗಾಳಿಗೆ ಸಿಕ್ಕಿ ದೋಣಿಗೆ ನುಗ್ಗಿದ ನೀರನ್ನು ಮೊಗೆಮೊಗೆದು ಚೆಲ್ಲಿದರು. ಕುಡಿಯುವ ನೀರಿಗೆಂದು ಅಪರಿಚಿತ ದಡಗಳನ್ನು ಹುಡುಕಿದರು. ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, 69 ದಿನ. ಜೂನ್ 5ರಂದು ತಿಮೋರ್ ದ್ವೀಪದ ಕುಪಾಂಗ್ ಮುಟ್ಟಿದಾಗ ಹನ್ನೊಂದು ಜನರೂ ಬದುಕಿದ್ದರು! ಆ ಮಕ್ಕಳನ್ನು ಕಡಲು ಕೊಲ್ಲಲಿಲ್ಲ, ಗೆಳೆಯರೇ. ಇದನ್ನು ನೆನಪಿಡಿ.

ಹಡಗೊಡೆದು ಬದುಕಿ ಬಂದವರು ನಾವು ಎಂದು ಅಲ್ಲಿನ ಡಚ್ಚರಿಗೆ ಅವರು ಹೇಳಿದ ಸುಳ್ಳು ಬಯಲಾಯಿತು. ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಎಡ್ವರ್ಡ್ಸ್ ಎಂಬಾತ ಅವರನ್ನು ಬಂಧಿಸಿ ಬಟಾವಿಯಾಕ್ಕೆ, ಅಂದರೆ ಇಂದಿನ ಜಕಾರ್ತಾಕ್ಕೆ, ಒಯ್ದ. ಅಲ್ಲಿ ಡಿಸೆಂಬರ್ 1ರಂದು ಇಮ್ಯಾನ್ಯುಯೆಲ್ ತೀರಿಕೊಂಡ, ಮೂರು ವಾರಕ್ಕೆ ಅವನ ತಂದೆ. ಮರುವರ್ಷದ ಮೇ ತಿಂಗಳಲ್ಲಿ, ಇಂಗ್ಲೆಂಡಿಗೆ ಮರಳುತ್ತಿದ್ದ ‘ಗಾರ್ಗನ್’ ಹಡಗಿನಲ್ಲಿ ಷಾರ್ಲಟ್ ಕೂಡ ತೀರಿಕೊಂಡಳು. ಐದು ವರ್ಷವೂ ತುಂಬಿರಲಿಲ್ಲ. ಅದೇ ಹಡಗಿನಲ್ಲಿ ವಾಟ್ಕಿನ್ ಟೆಂಚ್ ಎಂಬ ಅಧಿಕಾರಿಯಿದ್ದ. ಮೇರಿಯನ್ನು ಸಾಗಿಸಿದ ಹಡಗಿನಲ್ಲೂ ಅವನಿದ್ದ. ಕರುಣೆ, ವಿಸ್ಮಯಗಳಿಲ್ಲದೆ ಇವರನ್ನು ಒಮ್ಮೆಯೂ ನೋಡಲಾಗಲಿಲ್ಲ ಎಂದು ಆತ ಬರೆದಿದ್ದಾನೆ. ದಂಡನೆಯನ್ನು ಜಾರಿ ಮಾಡಬೇಕಾದವನ ಮಾತು ಇದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಹೆಣ್ಣು ಕೈದಿಗಳನ್ನು ಸಾಗಿಸಿದ್ದರ ಹಿಂದಿನ ವಸಾಹತಿನ ಲೆಕ್ಕಾಚಾರವನ್ನು ಹೇಳಬೇಕೆಂದಿದ್ದೆ, ಅದನ್ನು ಬಿಡುತ್ತೇನೆ. ಲಂಡನ್ನಿನ ನ್ಯೂಗೇಟ್ ಸೆರೆಮನೆಯಲ್ಲಿದ್ದ ಮೇರಿಯ ಪರವಾಗಿ ಲೇಖಕನೂ ವಕೀಲನೂ ಆಗಿದ್ದ ಜೇಮ್ಸ್ ಬಾಸ್ವೆಲ್ ಓಡಾಡಿದ. ಬಿಡುಗಡೆಯ ನಂತರ ವರ್ಷಕ್ಕೆ ಹತ್ತು ಪೌಂಡಿನ ವ್ಯವಸ್ಥೆಯನ್ನೂ ಮಾಡಿದ. ಕ್ಷಮಾದಾನ ಬಂದದ್ದು 1793ರ ಮೇ 2ರಂದು. ಮೊದಲ ತೀರ್ಪಿನ ಏಳು ವರ್ಷ ಅದೇ ಮಾರ್ಚಿನಲ್ಲಿ ಮುಗಿದಿತ್ತು. ತಾರೀಖುಗಳನ್ನು ನೀವೇ ಲೆಕ್ಕ ಹಾಕಿ ನೋಡಿ, ಪ್ರಶ್ನೆಗಳಿದ್ದರೆ ಈಗ ಕೇಳಿ.